ಎಂಜಲಾದ ಕಡಬು

ಈಗ ಹೇಳಲಿರುವುದರಲ್ಲಿ ನಡೆದದ್ದೆಷ್ಟು, ನಡೆದಿರಬೇಕೆಂದು ನಾನು ಆಮೇಲೆ ಕೂಡಿಸಿಕೊಂಡದ್ದೆಷ್ಟು ಎಂಬುದು ನನಗೆ ಗೊತ್ತಿಲ್ಲ. ಗೊತ್ತಿದೆ ಎಂದೇ ಬಹಳ ವರ್ಷ ತಿಳಿದಿದ್ದೆ. ವಿಶ್ವವಿದ್ಯಾಲಯದಲ್ಲಿ ಓದಿದ ಮನಃಶಾಸ್ತ್ರ ನನಗೆ ನೌಕರಿ ಕೊಡಲಿಲ್ಲ, ಈ ಒಂದು ಅನುಮಾನವನ್ನು ಮಾತ್ರ ಕೊಟ್ಟು ಕಳಿಸಿತು: ಮನುಷ್ಯ ತನ್ನ ನೆನಪನ್ನು ಡಬ್ಬಿಯಿಂದ ತೆಗೆದು ನೋಡುವುದಿಲ್ಲ, ಪ್ರತಿ ಸಲವೂ ಹೊಸದಾಗಿ ಬೇಯಿಸಿಕೊಳ್ಳುತ್ತಾನೆ. ಆದರೂ ಕಳೆದ ಚಳಿಗಾಲದಲ್ಲಿ ಪುಣೆಯ ವಾಕಡ ಬಡಾವಣೆಯ ಯಾವುದೋ ಅಪಾರ್ಟ್‌ಮೆಂಟಿನ ಮೆಟ್ಟಿಲು ಹತ್ತುತ್ತಿದ್ದಾಗ ಒಂದು ಮುಚ್ಚಿದ ಬಾಗಿಲಿನ ಹಿಂದಿನಿಂದ ಬಂದ ವಾಸನೆಗೆ ನನ್ನ ಕಾಲುಗಳು ನಿಂತುಬಿಟ್ಟವು. ಹುದುಗು ಬಂದ ಮೈದಾ ಹಿಟ್ಟಿನ ಮೆಲ್ಲನೆಯ ಹುಳಿ, ಕುರಿಯ ಕೊಬ್ಬಿನಲ್ಲಿ ಸಾವಕಾಶವಾಗಿ ಕೆಂಪಾಗುವ ಈರುಳ್ಳಿ, ಅದರ ಮೇಲೆ ಹಸಿಶುಂಠಿಯ ಚುರುಕು. ಆ ಮನೆಯಲ್ಲಿ ಏನು ಮಾಡುತ್ತಿದ್ದರೋ, ನಾನು ಬಾಗಿಲು ತಟ್ಟಲಿಲ್ಲ. ಲಿಫ್ಟ್ ಕೆಟ್ಟಿತ್ತು, ಇನ್ನೂ ಮೂರು ಮಹಡಿ ಹತ್ತಬೇಕಿತ್ತು, ಹತ್ತಿದೆ. ಆದರೆ ಮೇಲೆ ತಲುಪುವಷ್ಟರಲ್ಲಿ ನಮ್ಮ ಕ್ಯಾಂಪಿನ ಮನೆ ಪೂರ್ತಿ ಕಣ್ಣೆದುರು ಎದ್ದು ನಿಂತಿತ್ತು. ಅದು ನೆಲಸಮವಾಗಿ ಎಷ್ಟೋ ಕಾಲವಾಯಿತು.

ಪುಣೆಯ ಕ್ಯಾಂಪ್ ಪೇಟೆಯ ಅಂಚಿನ ಗಲ್ಲಿಯಲ್ಲಿದ್ದ ಎರಡಂತಸ್ತಿನ ಮನೆ ಅದು. ಮುದಿ ಪಾರ್ಸಿಯೊಬ್ಬರದು, ಅವರು ಬಾಡಿಗೆ ತೆಗೆದುಕೊಳ್ಳುತ್ತಿದ್ದರೇ ಹೊರತು ಸೋರುವ ಮಾಳಿಗೆಯನ್ನು ನೋಡಲು ಒಮ್ಮೆಯೂ ಬಂದವರಲ್ಲ. ಮೇಲೆ ನಾವು: ಧಾರವಾಡದಿಂದ ಬಂದ ಅಜ್ಜಿ, ಅಪ್ಪ, ಅವ್ವ, ಅಪ್ಪನ ತಮ್ಮ ಕಾಕಾ, ಕಾಕಾನ ಹೆಂಡತಿ ಕಾಕು, ನಾನು. ಕೆಳಗೆ ಮೇ ಆಂಟಿ. ಆಕೆ ಚೀನೀಯರು, ಅಂದರೆ ಹುಟ್ಟಿದ್ದು ಕಲ್ಕತ್ತೆಯಲ್ಲಿ, ಗಂಡ ತೀರಿಕೊಂಡ ಮೇಲೆ ಪುಣೆಯಲ್ಲಿ ಬ್ಯೂಟಿ ಪಾರ್ಲರ್ ನಡೆಸುತ್ತಿದ್ದವರು. ಗಲ್ಲಿಯ ಯಾರಿಗಿಂತಲೂ ಜೋರಾಗಿ ಮರಾಠಿಯಲ್ಲಿ ಜಗಳವಾಡಬಲ್ಲವರು. ಇನ್ನು ನಮ್ಮ ಕಾಕು ಲಾಟ್ವಿಯಾದವರು. ಕಾಕಾ ಸೋವಿಯತ್ ಕಾಲದಲ್ಲಿ ಸ್ಕಾಲರ್‌ಶಿಪ್ ಮೇಲೆ ಇಂಜಿನಿಯರಿಂಗ್ ಓದಲು ಅಲ್ಲಿಯ ರಾಜಧಾನಿ ರೀಗಾಕ್ಕೆ ಹೋದವರು, ಬರುವಾಗ ಡಿಗ್ರಿಯ ಜೊತೆ ಇವರನ್ನೂ ಕರೆತಂದರು. ಹೆಸರು ಇಲ್ಜೆ, ಅಜ್ಜಿಯ ಬಾಯಲ್ಲಿ ಇಳಾ. ಕಾಕಾ ಚಿಂಚವಾಡದ ಕಾರ್ಖಾನೆಗೆ ಹೋದ ಮೇಲೆ ಇಡೀ ದಿನ ಅಜ್ಜಿಯ ಜೊತೆ ಕಳೆದು ಕಳೆದು ಕಾಕು ಕಲಿತದ್ದು ಅಪ್ಪಟ ಧಾರವಾಡದ ಕನ್ನಡ. ನೀಲಿ ಕಣ್ಣಿನ, ನಮ್ಮ ಬಾಗಿಲಿಗಿಂತ ತುಸುವೇ ಗಿಡ್ಡವಾದ ಆ ಹೆಂಗಸು ಸೆರಗು ಸಿಕ್ಕಿಸಿಕೊಂಡು "ಬರ್ರಿ, ಕೂಡ್ರಿ, ಭಾಳ ದಿವಸಾತು ನಿಮ್ಮ ಮಾರಿ ನೋಡಿ" ಎಂದಾಗ ಊರಿನಿಂದ ಬಂದ ನೆಂಟರು ಕೂಡುವುದನ್ನೇ ಮರೆಯುತ್ತಿದ್ದರು.

ನಮ್ಮದು ಮೊಟ್ಟೆಯೂ ಒಳಗೆ ಬರದ ಅಡುಗೆಮನೆ. ಕಾಕು ಅಲ್ಲಿ ಹೋಳಿಗೆ ಲಟ್ಟಿಸಿದರು, ರೊಟ್ಟಿ ಬಡಿದರು. ನೈವೇದ್ಯದ ಅಡುಗೆಯ ರುಚಿ ನೋಡಬಾರದು, ಉಪ್ಪು ಸರಿಯಿದೆಯೋ ಇಲ್ಲವೋ ಮೂಗಿನಿಂದಲೇ ತಿಳಿಯಬೇಕು ಎಂಬುದನ್ನು ಅಜ್ಜಿಯಿಂದ ಕಲಿತು ಅವ್ವನಿಗಿಂತ ಬಿಗಿಯಾಗಿ ಪಾಲಿಸಿದರು. ಆದರೆ ವರ್ಷಕ್ಕೊಮ್ಮೆ, ಸಂಕ್ರಾಂತಿ ಕಳೆದ ಮೇಲಿನ ಒಂದು ಭಾನುವಾರ, ಕೆಳಗಿಳಿದು ಮೇ ಆಂಟಿಯ ಅಡುಗೆಮನೆ ಸೇರುತ್ತಿದ್ದರು. ಕಾಕುನ ಊರಿನಲ್ಲಿ ಕ್ರಿಸ್‌ಮಸ್ಸಿಗೆ ಪೀರಾಗಿ ಎಂಬ ಮಾಂಸದ ಕಡಬು ಮಾಡುತ್ತಾರೆ, ಎಣ್ಣೆಯಲ್ಲಿ ಕರಿಯುವುದಲ್ಲ, ಒಲೆಯ ಒಳಗೆ ಸುಡುವುದು. ಮೇ ಆಂಟಿಗೆ ತಮ್ಮ ಚೀನೀ ಹೊಸವರ್ಷಕ್ಕೆ ಮಾಂಸ ತುಂಬಿ ಹಬೆಯಲ್ಲಿ ಬೇಯಿಸುವ ಬಾವ್ ಬೇಕು. ಎರಡು ಹಬ್ಬಗಳ ನಡುವೆ ಒಂದು ಭಾನುವಾರವನ್ನು ಇಬ್ಬರೂ ಚೌಕಾಸಿ ಮಾಡಿ ಗೊತ್ತುಮಾಡಿಕೊಂಡಿದ್ದರು. ಅದರಲ್ಲಿ ಹುಟ್ಟಿದ ತಿಂಡಿಗೆ ಕಾಕುನ ಹೆಸರೂ ನಿಲ್ಲಲಿಲ್ಲ, ಆಂಟಿಯ ಹೆಸರೂ ನಿಲ್ಲಲಿಲ್ಲ. ಅರ್ಧಚಂದ್ರದ ಆಕಾರ ನೋಡಿ ನಮ್ಮ ಮನೆಯಲ್ಲಿ ಎಲ್ಲರೂ ಕಡಬು ಎಂದರು. ಅಜ್ಜಿ ಮಾತ್ರ "ನಿಮ್ಮ ಅದು" ಎನ್ನುತ್ತಿದ್ದಳು.

ಚಳಿಗೆ ಹಿಟ್ಟು ಉಬ್ಬಲೊಲ್ಲದು. ಮೇ ಆಂಟಿ ಪಾತ್ರೆಗೆ ತಮ್ಮ ಗಂಡನ ಹಳೆಯ ಸ್ವೆಟರು ತೊಡಿಸಿ, ತೋಳುಗಳನ್ನು ಗಂಟು ಹಾಕಿ, ಬಿಸಿಲು ಬೀಳುವ ಕಿಟಕಿಯಲ್ಲಿ ಕೂಡಿಸುತ್ತಿದ್ದರು. ಯಂತ್ರದ ಖೀಮಾ ಆಕೆಗೆ ಆಗದು. ಎರಡು ಅಗಲ ಕತ್ತಿಗಳನ್ನು ಎರಡೂ ಕೈಯಲ್ಲಿ ಹಿಡಿದು ಮಣೆಯ ಮೇಲೆ ಮಟನ್ ಕೊಚ್ಚುವಾಗಿನ ಸದ್ದು ಮೇಲಿನ ನಮ್ಮ ನೆಲವನ್ನು ಸಣ್ಣಗೆ ನಡುಗಿಸುತ್ತಿತ್ತು. ಕಾಕು ಈರುಳ್ಳಿಯನ್ನು ಕಣ್ಣೀರು ಒರೆಸಿಕೊಳ್ಳದೆ ಹೆಚ್ಚಿ, ಕುರಿಯ ಕೊಬ್ಬಿನಲ್ಲಿ ಅದು ಜೇನಿನ ಬಣ್ಣಕ್ಕೆ ಬರುವವರೆಗೆ ಒಲೆಯ ಮುಂದಿನಿಂದ ಕದಲುತ್ತಿರಲಿಲ್ಲ. ಒಳಗಿನ ಮಾಂಸ ಮೊದಲೇ ಬೆಂದು ಒಣಗಿರಬೇಕು ಎಂಬುದು ಕಾಕುನ ವಾದ. ಹಸಿಯಾಗಿಯೇ ತುಂಬಿದರೆ ಬೇಯುವಾಗ ರಸ ಬಿಡುತ್ತದೆ, ಆ ರಸವೇ ಅದರ ಜೀವ ಎಂಬುದು ಆಂಟಿಯ ವಾದ. ಮೊದಲ ವರ್ಷ ಆಂಟಿಯ ಮಾತು ನಡೆದು, ಎಲ್ಲದರ ತಳ ಒಡೆದು ತಟ್ಟೆಯ ತುಂಬ ಸಾರು ಹರಿಯಿತಂತೆ. ಆಮೇಲೆ ರಾಜಿಯಾಯಿತು: ಈರುಳ್ಳಿ ಹುರಿದದ್ದು, ಮಾಂಸ ಹಸಿಯದು, ಕಾಕುನ ಕರಿಮೆಣಸು, ಆಂಟಿಯ ಶುಂಠಿ, ಈರುಳ್ಳಿ ತೊಪ್ಪಲು, ಸೋಯಾ ಸಾಸು, ಚಿಟಿಕೆ ಸಕ್ಕರೆ. ಆಂಟಿ ಬಾಯಿಯ ಸುತ್ತ ಸಣ್ಣ ಸಣ್ಣ ನೆರಿಗೆ ಹಿಡಿದು ಮುಚ್ಚುವರು. ಬೇಕರಿ ಭಟ್ಟಿಯ ಒಣ ಶಾಖಕ್ಕೆ ಆ ನೆರಿಗೆ ಬಿಟ್ಟುಕೊಳ್ಳುತ್ತದೆಂದು ಕಾಕು ಪ್ರತಿಯೊಂದನ್ನೂ ಮಗುಚಿ ನೆರಿಗೆಯನ್ನು ಕೆಳಗೆ ಮಾಡಿ ಮೇಲೆ ಮೊಟ್ಟೆಯ ಹಳದಿ ಸವರುವರು. "ಮಾಝಾ ಡಿಝೈನ್ ಲಪವತೇ ಬಘಾ ಹೀ," ನನ್ನ ಡಿಸೈನು ಮುಚ್ಚಿಡುತ್ತಾಳೆ ನೋಡಿರಿ, ಎಂದು ಆಂಟಿ ನನ್ನ ಬಳಿ ದೂರುವರು.

ಮನೆಯಲ್ಲಿ ಓವನ್ ಎಲ್ಲಿಯದು. ದೀಪಾವಳಿಗೆ ಆ ಕಡೆಯ ಮನೆಯವರೆಲ್ಲ ನಾನ್‌ಖಟಾಯಿ ತಟ್ಟೆಗಳನ್ನು ಸುಡಿಸಲು ಒಯ್ಯುವ ಹಾಗೆ ನಮ್ಮ ತಟ್ಟೆಗಳೂ ಮೂಲೆಯ ಬೇಕರಿಯ ಭಟ್ಟಿಗೆ ಹೋಗುತ್ತಿದ್ದವು. ಬೆಳಗಿನ ಪಾವು ತೆಗೆದ ಮೇಲೆ ಉಳಿದ ಕಾವಿನಲ್ಲಿ ರಶೀದ್ ಚಾಚಾ ಸುಟ್ಟು ಕೊಡುವರು. ಅವರದು ಒಂದೇ ಷರತ್ತು. ಪ್ರತಿ ವರ್ಷ ತಟ್ಟೆ ಒಳಗೆ ತಳ್ಳುವ ಮೊದಲು "ಬಕರೇ ಕಾ ಹೀ ಹೈ ನಾ, ಬೆಹೆನ್?" ಆಡು-ಕುರಿಯದೇ ತಾನೇ ತಂಗಿ, ಎಂದು ಕೇಳುವರು. ಕಾಕುನ ತಾಯಿ ಹಾಕುತ್ತಿದ್ದುದು ಹೊಗೆಯಾಡಿಸಿದ ಹಂದಿಯ ಕೊಬ್ಬು, ಆಂಟಿಯ ತಾಯಿ ಹಾಕುತ್ತಿದ್ದುದೂ ಹಂದಿಯೇ. ಭಟ್ಟಿ ಚಾಚಾನದಾದ್ದರಿಂದ ಇಬ್ಬರು ತಾಯಂದಿರ ರುಚಿಯೂ ಗಲ್ಲಿಯ ಮೂಲೆಯಲ್ಲೇ ನಿಂತಿತು. ಹೀಗೆ ವರ್ಷದಿಂದ ವರ್ಷಕ್ಕೆ ಬದಲಾಗುತ್ತ ಬದಲಾಗುತ್ತ ಕಾಕುಗೆ ಮೂಲದ ಗುರುತು ಹತ್ತದಾಯಿತು. ತುತ್ತು ಬಾಯಲ್ಲಿಟ್ಟುಕೊಂಡು ಗೋಡೆ ನೋಡುತ್ತ ಹೇಳಿದ್ದರು: "ಇದು ನಮ್ಮವ್ವನ ಕೈ ಹೌದೋ ಅಲ್ಲೋ ನನಗ ಗೊತ್ತಾಗವಲ್ದು. ಆಕೀನ ತಿಂದು ಹೇಳಬೇಕು."

ಆಕೆ ತಿಂದು ಹೇಳುವ ದಾರಿ ಬಹಳ ವರ್ಷ ಇರಲಿಲ್ಲ. ಕಾಕು ತಂದಿದ್ದ ಪಾಸ್‌ಪೋರ್ಟಿನ ದೇಶ, ಸೋವಿಯತ್ ಒಕ್ಕೂಟವೇ, ಇಲ್ಲವಾಗಿತ್ತು. ಹೊಸ ದೇಶದ್ದು ಕೈಗೆ ಬರಲು ಕಾಲ ಹಿಡಿಯಿತು. ತಾಯಿಗೆ ಎದೆಯ ಕಾಯಿಲೆ. ತೊಂಬತ್ತರ ದಶಕದ ನಡುವಿನ ಒಂದು ವರ್ಷ ಕೊನೆಗೂ ಎಲ್ಲ ಕೂಡಿ ಬಂತು. ಜನವರಿಯಲ್ಲಿ ಟಿಕೆಟ್ ಆಯಿತು. ಹೊರಡುವ ದಿನ ಸಮೀಪ ಬರುವಂತೆ ಕಡಬಿನ ಭಾನುವಾರವನ್ನು ಇಟ್ಟುಕೊಂಡರು. ಫೋನಿನಲ್ಲಿ ಆ ತಾಯಿ ಹೇಳಿದ್ದರಂತೆ: ಆ ಚೀನೀ ಹೆಂಗಸಿನ ಜೊತೆ ಅದೇನು ಮಾಡುತ್ತೀಯೋ ತಾ, ಕೆಟ್ಟಿದ್ದರೆ ಕೆಟ್ಟಿದೆ ಎಂದೇ ಹೇಳುತ್ತೇನೆ. ಇದನ್ನು ಕಾಕು ಮನೆಯಲ್ಲಿ ಎಲ್ಲರಿಗೂ, ಹಾಲಿನವನಿಗೂ, ನಗುತ್ತ ಹೇಳಿಕೊಂಡು ತಿರುಗಿದರು. ಅಜ್ಜಿ ಮಾತ್ರ ಮಂಕಾಗಿದ್ದಳು. "ಹೋದಾಕಿ ತಿರುಗಿ ಬರ್ತಾಳೋ ಇಲ್ಲೋ" ಎಂದು ಆಕೆ ಅವ್ವನ ಮುಂದೆ ಅಂದದ್ದನ್ನು ನಾನು ಕೇಳಿದ್ದೇನೆ, ಅಥವಾ ಅವ್ವ ಆಮೇಲೆ ಹೇಳಿದ್ದನ್ನು ಕೇಳಿದ್ದೇನೆ.

ಆ ಭಾನುವಾರ ತಟ್ಟೆಗಳು ಭಟ್ಟಿಗೆ ಹೋದ ಹೊತ್ತಿಗೆ ಮೇಲೆ ನಮ್ಮ ಮನೆಯ ಫೋನು ಬಡಿದುಕೊಂಡಿತು. ಅಪ್ಪ ಎತ್ತಿದ, ತಿಳಿಯಲಿಲ್ಲ, ಕಾಕಾನ ಕೈಗೆ ಕೊಟ್ಟ. ಕಾಕಾ ರಶಿಯನ್ ಭಾಷೆಯಲ್ಲಿ ಎರಡು ಸಲ ಏನೋ ಕೇಳಿದರು, ಆಮೇಲೆ ಬರೀ "ಹಲೋ, ಹಲೋ" ಎಂದರು. ಮಾತಾಡಿದ್ದು ಕಾಕುನ ಅಕ್ಕ. ತಾಯಿ ಹೋದರು ಎಂದಷ್ಟು ಕೇಳಿಸಿ ಲೈನು ಕಡಿಯಿತು. ಮತ್ತೆ ಹತ್ತಲಿಲ್ಲ. ಕಾಕಾ ಪರಿಚಯದ ಟ್ರಾವೆಲ್ ಏಜೆಂಟನ ಮನೆಗೆ ಫೋನು ಮಾಡಿದರು. ಅಂದೇ ಮುಂಬಯಿಯಿಂದ ಹೊರಡುವ ವಿಮಾನದಲ್ಲಿ ಒಂದು ಜಾಗವಿದೆ, ಮಧ್ಯಾಹ್ನ ಮೂರರೊಳಗೆ ಹೇಳಿ ಎಂದ. ಮಣ್ಣಿಗೆ ಮುಟ್ಟಬಹುದು, ಅವರಲ್ಲಿ ಎರಡು ಮೂರು ದಿನ ಇಡುತ್ತಾರೆ ಎಂದು ಕಾಕಾ ಕೆಳಗಿಳಿಯಲು ಚಪ್ಪಲಿ ಮೆಟ್ಟಿದರು. ಅಜ್ಜಿ ಮೆಟ್ಟಿಲಿಗೆ ಅಡ್ಡ ನಿಂತಳು.

"ಬೆಳಿಗ್ಗಿಂದ ಆಕಿ ಒಂದು ಗುಟುಕು ಚಹಾದ ಮ್ಯಾಲೆ ಅದಾಳ. ಹೇಳಿದಿ ಅಂದ್ರ ಇನ್ನ ಎರಡು ದಿನ ಆಕಿ ಬಾಯಾಗ ನೀರು ಸೈತ ಇಳಿಯೂದಿಲ್ಲ. ಮೊದಲ ಉಣ್ಣಲಿ."

"ಅವ್ವಾ, ಟೈಮ್ ಇಲ್ಲ."

"ಒಂದು ತುತ್ತು ಉಣ್ಣಾಕ ಎಷ್ಟು ಹೊತ್ತು ಬೇಕೋ? ನನ್ನವ್ವ ಹೋದಾಗ ನನ್ನ ಖಾಲಿ ಹೊಟ್ಟೀಲೆ ಸ್ವಾರಗೇಟದಾಗ ಬಸ್ಸಿಗೆ ಹತ್ತಿಸಿದ್ರಿ ನೀವು. ದಾರಿ ಪೂರ ಏನಾತಂತ ನನಗ ಗೊತ್ತದ."

ಊಟವಾಗದೆ ಸಾವಿನ ಸುದ್ದಿ ಹೇಳಬಾರದು ಎಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ರೀತಿ. ಅದರಲ್ಲಿ ಕಾಕಾನೂ ಬೆಳೆದವರೇ. ಮೆಟ್ಟಿದ ಚಪ್ಪಲಿ ಬಿಚ್ಚಿದರು. ಒಂದು ತುತ್ತಿನ ಮಾತಲ್ಲವೇ.

ತಟ್ಟೆಗಳು ಬಂದವು. ಮೇ ಆಂಟಿಯ ಅಡುಗೆಮನೆ ಕಟ್ಟೆಯ ಮೇಲೆ ಹೊಳೆಯುವ ಕಂದು ಕಡಬುಗಳು ಸಾಲಾಗಿ ಕೂತವು, ಕೆಲವುಗಳ ಬದಿಯಲ್ಲಿ ರಸ ಉಕ್ಕಿ ಕಪ್ಪಾಗಿತ್ತು. ನಾನು ಕೈ ಚಾಚಿದೆ. ಕಾಕು ಮಣಿಕಟ್ಟಿನ ಮೇಲೆ ಒಂದು ಏಟು ಕೊಟ್ಟರು. "ಇವತ್ತ ಮೊದಲಿನವು ನಮ್ಮವ್ವಗ. ಆಕಿಗೆ ತೆಗೆದಿಟ್ಟು ಡಬ್ಬಿ ಮುಚ್ಚೂತನಾ ಯಾರೂ ಬಾಯಿಗೆ ಹಾಕ್ಕೊಳ್ಳೂದಿಲ್ಲ." ಬಿಸಿಯಾಗಿ ಮುಚ್ಚಿದರೆ ಹಬೆಗೆ ಮೆತ್ತಗಾಗುತ್ತವೆ, ಆದ್ದರಿಂದ ಪೂರ್ತಿ ಆರಬೇಕು. ಅದಕ್ಕೆ ಮೇ ಆಂಟಿ ಹೊಟ್ಟೆ ಹಿಡಿದು ನಕ್ಕರು: "ದೇವಾಚಾ ಪ್ರಸಾದ್ ಆಹೇ ಕಾ ಗ? ಮಟನ್ ಆಹೇ, ಮಟನ್!" ದೇವರ ಪ್ರಸಾದವೇನೇ ಇದು, ಬರೀ ಮಟನ್ನು. ಕಾಕುನೂ ನಕ್ಕರು, ಆದರೆ ಬಿಳಿಯ ಪಂಚೆಯ ತುಂಡು ತಂದು ಕಡಬುಗಳ ಮೇಲೆ ಹೊದಿಸಿದರು. ನಮ್ಮ ದೇವರ ಮನೆಯಲ್ಲಿ ಹೋಳಿಗೆಯ ಮೇಲೆ ಹೊದಿಸುವುದು ಹಾಗೆಯೇ.

ಕಾಕಾ ಬಾಗಿಲಲ್ಲಿ ನಿಂತು "ಏನಾದ್ರೂ ತಿನ್ನು" ಎಂದರು. "ತಡೀರಿ" ಎಂದರು ಕಾಕು. ಅವ್ವ ಮೇಲಿನಿಂದ ತಟ್ಟೆಯಲ್ಲಿ ಅನ್ನ ಸಾರು ಕಲಸಿ ತಂದಳು. "ವೈನೀ, ಇವತ್ತ ನನಗ ಅನ್ನ ಬ್ಯಾಡ. ಇದನ್ನ ತಿನ್ನೂದು, ಆಮ್ಯಾಲೆ" ಎಂದರು ಕಾಕು. ಅಪ್ಪ ಬಂದು ಗಡಿಯಾರ ನೋಡಿ ಹೋದ. ಮೇ ಆಂಟಿಗೆ ಯಾರು ಹೇಳಿದರೋ ಗೊತ್ತಿಲ್ಲ, ಇದ್ದಕ್ಕಿದ್ದಂತೆ ಆಕೆಯ ನಗು ನಿಂತು, ಕತ್ತಿಗಳನ್ನು ತಿರುತಿರುಗಿ ತೊಳೆಯತೊಡಗಿದರು. ಗೊತ್ತಿದ್ದವರೆಲ್ಲ ಆ ಬಟ್ಟೆಯನ್ನೇ ನೋಡುತ್ತಿದ್ದೆವು. ನಾವು ಎಂದೆನಲ್ಲ, ಆಗ ನನಗೆ ಗೊತ್ತಿತ್ತೇ? ಮೇಲೆ ಫೋನಿನ ಹತ್ತಿರ ಇದ್ದೆನೋ, ಕೆಳಗೆ ಒಲೆಯ ಹತ್ತಿರ ಇದ್ದೆನೋ? ಎರಡೂ ಕಡೆಯ ಮಾತು ನನಗೆ ಕೇಳಿಸಿದ ಹಾಗೆ ನೆನಪಿದೆ. ಅದೇ ನನ್ನ ತಕರಾರು. ಕಾಕು ಮಾತ್ರ ಬೆರಳ ಹಿಂಬದಿಯಿಂದ ಕಡಬು ಮುಟ್ಟಿ ನೋಡುತ್ತ, ಇನ್ನೂ ಬಿಸಿ, ಇನ್ನೂ ಬಿಸಿ ಎನ್ನುತ್ತ, ತಾಯಿಯ ಮುಖ ಹೇಗಾದೀತೆಂದು ಆಂಟಿಗೆ ಮಾಡಿ ತೋರಿಸುತ್ತಿದ್ದರು: ಹುಬ್ಬು ಮೇಲೆ, ತುಟಿ ಕೆಳಗೆ, ಅಗಿಯುತ್ತ ಅಗಿಯುತ್ತ ಒಂದು ನಿಟ್ಟುಸಿರು.

ಮೂರು ಹೊಡೆಯಿತು. ಕಾಕಾ ಅಂಗಳಕ್ಕೆ ಹೋಗಿ ನಿಂತರು.

ಅಜ್ಜಿ ಒಳಗೆ ಬಂದದ್ದು ಆಗ. ಅಷ್ಟು ವರ್ಷ ಅದೇ ಮನೆಯಲ್ಲಿದ್ದರೂ ಮೇ ಆಂಟಿಯ ಹೊಸ್ತಿಲು ದಾಟಿದವಳಲ್ಲ ಆಕೆ. ಹೊರಗೆ ಸ್ಟೂಲು ಹಾಕಿಸಿಕೊಂಡು ಕೂತು ಹರಟೆ ಹೊಡೆದು ಎದ್ದು ಹೋಗುವಳು. ಮಾಂಸದ ಮಣೆ, ಕೊಬ್ಬಿನ ಬಾಣಲೆ, ಮೊಟ್ಟೆಯ ಸಿಪ್ಪೆ, ಇವುಗಳ ನಡುವೆ ನಡೆದು ಕಟ್ಟೆಯ ಹತ್ತಿರ ಬಂದಳು.

"ಇಳಾ, ಉಣ್ಣವಾ."

"ಅತ್ತಿಯವರ, ಅವ್ವಗ ತೆಗೆದಿಡದ ಹ್ಯಾಂಗ ಉಣ್ಣಲಿ? ನೀವ ಕಲಿಸಿದ್ದಲ್ರಿ."

ಅಜ್ಜಿ ಬಟ್ಟೆ ಸರಿಸಿದಳು. ಒಂದು ಕಡಬು ಎತ್ತಿದಳು, ಎರಡು ತುಂಡು ಮಾಡಿದಳು, ಒಂದು ತುಂಡನ್ನು ತನ್ನ ಬಾಯಿಗೆ ಹಾಕಿಕೊಂಡಳು. ಅಗಿದಳು. ನುಂಗಿದಳು. ಇನ್ನೊಂದನ್ನು ಕಾಕುನ ಬಾಯಿಯ ಹತ್ತಿರ ಹಿಡಿದು, ಬಹಳ ಮೆಲ್ಲಗೆ ಅಂದಳು: "ಎಂಜಲಾತು. ಇನ್ನ ಇದು ಯಾರಿಗೂ ತೆಗೆದಿಡೂದಲ್ಲ. ಈಗ ಉಣ್ಣು."

ಕಾಕು ತಿಂದರು. ಅಜ್ಜಿಯ ಮುಖ ನೋಡುತ್ತ ತಿಂದರು. ಕೊನೆಯ ತುತ್ತು ಇಳಿಯುವ ಮೊದಲೇ ಅವರಿಗೆ ತಿಳಿದಿತ್ತೆಂದು ನನಗೆ ಅನಿಸುತ್ತದೆ. ಆ ಮನೆಯಲ್ಲಿ ಅಷ್ಟು ವರ್ಷ ಬಾಳಿದವರಿಗೆ ಉಣ್ಣು ಉಣ್ಣು ಎಂಬ ಆ ಒತ್ತಾಯದ ಅರ್ಥ ಗೊತ್ತಿರದೆ ಇದ್ದೀತೇ.

ಇದು ನನ್ನ ನೆನಪು. ಅವ್ವನ ಪ್ರಕಾರ ಅಜ್ಜಿ ಕಡಬನ್ನು ತುಟಿಗೆ ಮುಟ್ಟಿಸಿದಳಷ್ಟೇ, ತಿನ್ನಲಿಲ್ಲ. ತಿಂದಿದ್ದರೆ ಅಂದೇ ಸ್ನಾನ ಮಾಡಿ ಉಪವಾಸ ಹಿಡಿಯುತ್ತಿದ್ದಳು. ಅಪ್ಪನ ಪ್ರಕಾರ ಅಜ್ಜಿ ಒಳಗೇ ಹೋಗಲಿಲ್ಲ, ಹೊಸ್ತಿಲಾಚೆಯಿಂದ ಕೈ ಚಾಚಿ ಇಸಿದುಕೊಂಡಳು. ಕಾಕಾ ಅಂಗಳದಲ್ಲಿದ್ದರು, ನೋಡಿಲ್ಲ. ಕಾಲೇಜಿಗೆ ಹೋಗುವ ಕಾಲಕ್ಕೆ ನಾನು ಇನ್ನೂ ಒಂದು ಮೆಟ್ಟಿಲು ಮುಂದೆ ಹೋಗಿ, ಅಜ್ಜಿಗೆ ಬೇಕಾಗಿದ್ದುದು ಊಟವಲ್ಲ, ತಡ; ಸೊಸೆ ಅವಸರದಲ್ಲಿ ಹೊರಟು ಅಲ್ಲಿಯೇ ಉಳಿದುಬಿಟ್ಟಾಳೆಂಬ ಭಯ ಎಂದು ತೀರ್ಮಾನಿಸಿದ್ದೆ. ಈಗ ಆ ತೀರ್ಮಾನದಿಂದಲೂ ದಣಿವಾಗುತ್ತದೆ. ಒಬ್ಬ ಮುದುಕಿಯ ಮನಸ್ಸಿನಲ್ಲಿ ಎರಡೂ ಇದ್ದಿರಬಹುದು. ಅಷ್ಟು ಹೇಳಲು ಯಾವ ಓದೂ ಬೇಕಿರಲಿಲ್ಲ.

ಕಾಕು ಮೊದಲೇ ಟಿಕೆಟ್ ಆಗಿದ್ದ ದಿನವೇ ಹೊರಟರು. ಎಂಜಲಾಗದೆ ಉಳಿದವುಗಳನ್ನು ಡಬ್ಬಿಯಲ್ಲಿ ಹಾಕಿಕೊಂಡೇ ಹೋದರು. ಅಲ್ಲಿ ಅವನ್ನು ಏನು ಮಾಡಿದರೋ ತಿಳಿಯದು. ಬೇಸಿಗೆ ಬರುವ ಮೊದಲು ಹಿಂದಿರುಗಿದರು. ಅಜ್ಜಿ ಅಂದು ಬಾಗಿಲಲ್ಲೇ ಅವರ ಕೈ ಹಿಡಿದುಕೊಂಡು ಕೂತುಬಿಟ್ಟಳು. ಇಬ್ಬರೂ ಮೊದಲಿನ ಹಾಗೆಯೇ ಇದ್ದರು, ರೊಟ್ಟಿ ಬಡಿದರು, ಹಪ್ಪಳ ಒಣಗಿಸಿದರು. ಆದರೆ ಆ ಮಧ್ಯಾಹ್ನದ ಮೂರು ಗಂಟೆಯ ವಿಷಯವನ್ನು, ವಿಮಾನದಲ್ಲಿ ಒಂದು ಜಾಗವಿತ್ತೆಂಬುದನ್ನು, ಕಾಕುಗೆ ಯಾರೂ ಹೇಳಲಿಲ್ಲ. ಮಣ್ಣು ಯಾವಾಗ ಆಯಿತೆಂದು ಕಾಕುನನ್ನು ಯಾರೂ ಕೇಳಲಿಲ್ಲ, ಉತ್ತರಕ್ಕೆ ಹೆದರಿದ್ದೆವು. ಯಾರೂ ಕೇಳದ್ದನ್ನು ಅವರೂ ತಾವಾಗಿ ಹೇಳಲಿಲ್ಲ. ಮುಂದಿನ ವರ್ಷ ಸಂಕ್ರಾಂತಿ ಕಳೆದಾಗ ಅಜ್ಜಿಯೇ "ಈ ಸಲ ನಿಮ್ಮ ಅದು ಮಾಡೂದಿಲ್ಲೇನು?" ಎಂದು ಕೇಳಿದಳು. "ಇನ್ನ ಯಾರ ತಿಂದು ಹೇಳಬೇಕ್ರಿ" ಎಂದರು ಕಾಕು. ಅವರು ಅದನ್ನು ಬೇಸರದಿಂದ ಅಂದದ್ದು, ಅಜ್ಜಿಗೆ ಅದು ಆಪಾದನೆಯಾಗಿ ಕೇಳಿಸಿತು. ಕೊನೆಗೆ ಹಾಸಿಗೆ ಹಿಡಿದಾಗ ಅವ್ವನ ಕಿವಿಯಲ್ಲಿ ಅಜ್ಜಿ ಅಂದಳಂತೆ: "ಆಕಿ ಅವ್ವನ ಕಡೀ ಮಾರಿ ನಾ ತಪ್ಪಿಸಿದೆ."

ಅಜ್ಜಿ ಹೋದ ಮೇಲೆ ಆ ಮನೆ ಬಹಳ ದಿನ ನಿಲ್ಲಲಿಲ್ಲ. ಮೇ ಆಂಟಿ ಪಾರ್ಲರ್ ಮಾರಿ ಕಲ್ಕತ್ತೆಯ ತಂಗಿಯ ಮನೆ ಸೇರಿದರು. ಪಾರ್ಸಿಯ ಮಕ್ಕಳು ಬಿಲ್ಡರನಿಗೆ ಸಹಿ ಹಾಕಿದರು. ಬೇಕರಿಯ ಭಟ್ಟಿಯಲ್ಲಿ ಕಟ್ಟಿಗೆ ಹೋಗಿ ವಿದ್ಯುತ್ತು ಬಂತು, ಆಮೇಲೆ ಬೇಕರಿಯೇ ಹೋಗಿ ಮೊಬೈಲ್ ಅಂಗಡಿ ಬಂತು. ಕಾಕಾ ಕಾಕು ಚಿಂಚವಾಡದಲ್ಲಿ ಫ್ಲ್ಯಾಟ್ ಕೊಂಡರು. ಅದರ ಅಡುಗೆಮನೆಯಲ್ಲಿ ಒಳ್ಳೆಯ ಓವನ್ ಇತ್ತು, ಕಾಕು ಅದರಲ್ಲಿ ಬಾಣಲೆಗಳನ್ನು ಇಡುತ್ತಿದ್ದರು. ನಾನು ಹೋದಾಗ ಅವಲಕ್ಕಿ ಹಚ್ಚಿ ಕೊಡುವರು. ಒಮ್ಮೆ ಆ ಭಾನುವಾರದ ವಿಷಯ ಕೇಳಬೇಕೆಂದು ಬಾಯಿ ತೆರೆದೆ, ಅವರು "ಖಾರ ಸಾಕೇನೋ ತಮ್ಮಾ?" ಎಂದರು, ಸಾಕು ಎಂದೆ. ಎರಡು ಸಾವಿರದ ದಶಕ ಮುಗಿಯುವ ಮೊದಲೇ ಅವರೂ ಹೋದರು.

ಆ ಮೆಟ್ಟಿಲಿನ ಮೇಲೆ ವಾಸನೆ ಬಂದ ರಾತ್ರಿ ಮನೆಗೆ ಬಂದು ಕಾಕುನ ಅಕ್ಕನ ಮಗಳಿಗೆ ಒಂದು ಇ-ಮೇಲ್ ಬರೆದೆ. ಕಡಬಿನ ಬಗ್ಗೆ ಕೇಳಲಿಲ್ಲ, ಅಜ್ಜಿ ತಿಂದಳೋ ಇಲ್ಲವೋ ಆಕೆಗೆ ಹೇಗೆ ಗೊತ್ತಿರಬೇಕು. ಅಜ್ಜಿಯ ಮನೆಯಲ್ಲಿ ಯಾರೂ ಕೇಳದೆ ಉಳಿದ ಒಂದೇ ಪ್ರಶ್ನೆ ಕೇಳಿದೆ. ಆಕೆ ತನ್ನ ತಾಯಿಯನ್ನು ವಿಚಾರಿಸಿ, ಅಷ್ಟಕ್ಕೇ ಬಿಡದೆ ಅಲ್ಲಿಯ ಚರ್ಚಿಗೂ ಹೋಗಿ ದಾಖಲೆ ನೋಡಿ ಉತ್ತರ ಬರೆದಳು. ಆಗ ಭಾರತಕ್ಕೆ ಲೈನು ಸಿಗುವುದು ಕಷ್ಟವಿತ್ತು, ಆಕೆಯ ತಾಯಿ ದಿನವೂ ಪ್ರಯತ್ನಿಸುತ್ತಲೇ ಇದ್ದರಂತೆ. ನಮ್ಮ ಮನೆಯ ಫೋನು ಬಡಿದದ್ದು ಭಾನುವಾರ. ಕಾಕುನ ತಾಯಿಯನ್ನು ಮಣ್ಣು ಮಾಡಿದ್ದು ಅದರ ಹಿಂದಿನ ಗುರುವಾರ.